ಅಪ್ರೆಂಟಿಸ್ ಅಂದರೆ ಕೆಲಸವಾ, ಕೋರ್ಸಾ, ಮನುಷ್ಯನಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಿಟ್ಟರ್ ಟ್ರೇಡಿನಲ್ಲಿ ಐಟಿಐ ಓದಿದವನು, ಆಮೇಲೆ ಒಂದು ವರ್ಷ ಅಪ್ರೆಂಟಿಸ್ ಆಗಿದ್ದವನು. ಈಗ ಸಂಜೆ ಹೊತ್ತು ಐಟಿಐ, ಡಿಪ್ಲೊಮಾ ಮಕ್ಕಳಿಗೆ ಅರ್ಜಿ, ರೆಸ್ಯೂಮೆ ಬರೆಯುವುದನ್ನು ಹೇಳಿಕೊಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಈ ಒಂದು ಪದದ ಬಗ್ಗೆ ಅವವೇ ಪ್ರಶ್ನೆಗಳು ಬರುತ್ತವೆ. ಬೋರ್ಡಿನ ಮೇಲೆ ಬರೆದು ಒರೆಸಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಅಪ್ರೆಂಟಿಸ್ ಅಂದರೆ ಒಂದೇ ಮಾತಿನಲ್ಲಿ ಏನು?

ಕೆಲಸ ಬಲ್ಲವರ ಕೈಕೆಳಗಿದ್ದು, ಕೆಲಸ ಮಾಡುತ್ತಲೇ ಅದನ್ನು ಕಲಿಯುವ ವ್ಯಕ್ತಿ. ವ್ಯಕ್ತಿ ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಇಲ್ಲಿನ ಅರ್ಧ ಪ್ರಶ್ನೆಗಳಿಗೆ ಅದೇ ಉತ್ತರ.

ಸುಮ್ನೆ ಕಲಿಯುವವರನ್ನೆಲ್ಲ ಇಂಗ್ಲಿಷಿನಲ್ಲಿ ಅಪ್ರೆಂಟಿಸ್ ಅನ್ನುವುದಿಲ್ಲ. ಕಲಿಸುವ ಒಬ್ಬರು ಇರಬೇಕು, ಇಷ್ಟು ದಿನ ಅಂತ ಒಂದು ಅವಧಿ ಇರಬೇಕು, ಸಾಮಾನ್ಯವಾಗಿ ಒಂದು ಒಪ್ಪಂದ ಇರಬೇಕು. ಯೂಟ್ಯೂಬ್ ನೋಡಿ ವೆಲ್ಡಿಂಗ್ ಕಲಿತವನು ಅಪ್ರೆಂಟಿಸ್ ಅಲ್ಲ. ಎಷ್ಟೇ ಚೆನ್ನಾಗಿ ಕಲಿತಿರಲಿ.

“ಅಪ್ರೆಂಟಿಸ್ ಮಾಡ್ತಾ ಇದ್ದೀನಿ” ಅನ್ನುವುದು ತಪ್ಪಾ?

ಕನ್ನಡದಲ್ಲಿ ತಪ್ಪಲ್ಲ. ಹುಬ್ಬಳ್ಳಿಯಿಂದ ಮೈಸೂರಿನವರೆಗೂ ಎಲ್ಲರೂ ಹಾಗೇ ಹೇಳುತ್ತಾರೆ. “ಐಟಿಐ ಆಯ್ತು, ಈಗ ರೈಲ್ವೇಲಿ ಅಪ್ರೆಂಟಿಸ್ ಮಾಡ್ತಿದ್ದಾನೆ” ಅಂದರೆ ಯಾರಿಗೆ ಅರ್ಥವಾಗುವುದಿಲ್ಲ ಹೇಳಿ? ಡಿಗ್ರಿ ಮಾಡಿದ ಹಾಗೆ, ಡಿಪ್ಲೊಮಾ ಮಾಡಿದ ಹಾಗೆ, ನಾವು ಅಪ್ರೆಂಟಿಸನ್ನೂ ಒಂದು ಕೋರ್ಸು ಮಾಡಿಕೊಂಡಿದ್ದೇವೆ. ಪದ ನಮ್ಮ ಮನೆಗೆ ಬಂದ ಮೇಲೆ ನಮ್ಮ ಪದ್ಧತಿ.

ತೊಂದರೆ ಶುರುವಾಗುವುದು ಇದೇ ಮಾತನ್ನು ಇಂಗ್ಲಿಷಿಗೆ ವಾಪಸ್ ಕಳಿಸಿದಾಗ. “ಐ ಆಮ್ ಡೂಯಿಂಗ್ ಅಪ್ರೆಂಟಿಸ್” ಅಂದರೆ “ನಾನು ಶಿಷ್ಯನನ್ನು ಮಾಡುತ್ತಿದ್ದೇನೆ” ಅಂದ ಹಾಗೆ ಕೇಳುತ್ತದೆ. ಇಂಗ್ಲಿಷಿನಲ್ಲಿ ಎರಡೇ ದಾರಿ. ನಿಮ್ಮ ಬಗ್ಗೆ ಹೇಳುವುದಾದರೆ “ಐ ಆಮ್ ಆನ್ ಅಪ್ರೆಂಟಿಸ್”. ತರಬೇತಿಯ ಬಗ್ಗೆ ಹೇಳುವುದಾದರೆ “ಐ ಆಮ್ ಡೂಯಿಂಗ್ ಆನ್ ಅಪ್ರೆಂಟಿಸ್‌ಶಿಪ್”. ಆಳು ಬೇರೆ, ಆಳು ಇರುವ ಸ್ಥಿತಿ ಬೇರೆ. ಫ್ರೆಂಡ್ ಮತ್ತು ಫ್ರೆಂಡ್‌ಶಿಪ್ ಇದ್ದ ಹಾಗೆ. “ಅವನ ಜೊತೆ ಫ್ರೆಂಡ್‌ಶಿಪ್ ಮಾಡಿದೆ” ಅನ್ನುತ್ತೇವೆ, “ಫ್ರೆಂಡ್ ಮಾಡಿದೆ” ಅನ್ನುವುದಿಲ್ಲ, ಅಲ್ವಾ? ಅದೇ ಲೆಕ್ಕ.

ಎರಡರ ಹಿಂದೆಯೂ ‘ಆನ್’ ಬರುತ್ತದೆ, ‘ಎ’ ಅಲ್ಲ. ಪದ ಸ್ವರದಿಂದ ಶುರುವಾಗುತ್ತದಲ್ಲ, ಅದಕ್ಕೆ. ‘ಆನ್ ಆ್ಯಪಲ್’ ನೆನಪಿಟ್ಟುಕೊಂಡರೆ ಸಾಕು.

ಸ್ಪೆಲ್ಲಿಂಗ್ ಹೇಗೆ? ಅಪ್ರೆಂಟಿಸ್ ಅಂತಲೋ, ಅಪ್ರೆಂಟೈಸ್ ಅಂತಲೋ?

ಎ, ಡಬಲ್ ಪಿ, ಆರ್, ಇ, ಎನ್, ಟಿ, ಐ, ಸಿ, ಇ. ಕೊನೆಯ ‘ಐಸ್’ ನೋಡಿ ‘ಅಪ್ರೆಂಟೈಸ್’ ಅನ್ನುವವರಿದ್ದಾರೆ. ‘ನೋಟಿಸ್’, ‘ಪ್ರಾಕ್ಟಿಸ್’ ಪದಗಳ ಬಾಲವೂ ಇದೇ. ಅವನ್ನು ‘ನೋಟೈಸ್’ ಅನ್ನುವುದಿಲ್ಲವಲ್ಲ. ಒತ್ತು ನಡುವಿನ ‘ಪ್ರೆನ್’ ಮೇಲೆ ಬೀಳಬೇಕು. ಮೊದಲಿನ ‘ಅ’ ತೀರಾ ಹಗುರ, ಹೇಳಿದರೂ ಹೇಳದ ಹಾಗೆ. ಹಳೆಯ ಇಂಗ್ಲಿಷಿನಲ್ಲಿ ಆ ‘ಅ’ ಉದುರಿಹೋಗಿ ‘ಪ್ರೆಂಟಿಸ್’ ಅಂತಲೇ ಒಂದು ರೂಪ ಬಳಕೆಯಲ್ಲಿತ್ತು. ಈಗಲೂ ಅದು ಮನೆತನದ ಹೆಸರಾಗಿ ಉಳಿದಿದೆ. ಯಾರದೋ ಮುತ್ತಾತ ಎಲ್ಲೋ ಕೆಲಸ ಕಲಿಯುತ್ತಿದ್ದ ಅಂತ ಅರ್ಥ.

ಅಪ್ರೆಂಟಿಸ್‌ಶಿಪ್ ಬರೆಯುವಾಗ ‘ಸಿಇ’ ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಬೇಗ ಹೇಳುವಾಗ ಸಕಾರ ಮುಂದಿನ ಶಕಾರದಲ್ಲಿ ಮುಳುಗಿಹೋಗುತ್ತದೆ. ಕಿವಿಯನ್ನು ನಂಬಿ ಬರೆದರೆ ಕೈ ತಪ್ಪುತ್ತದೆ.

ಮುಂದೆ ‘ಟು’ ಹಾಕಬೇಕಾ, ‘ವಿತ್’ ಹಾಕಬೇಕಾ, ‘ಇನ್’ ಹಾಕಬೇಕಾ?

ಕಲಿಸುವ ಮನುಷ್ಯನ ಹೆಸರು ಬಂದರೆ ‘ಟು’: ಅಪ್ರೆಂಟಿಸ್ ಟು ಎ ಕಾರ್ಪೆಂಟರ್. ಕಂಪನಿ ಬಂದರೆ ‘ವಿತ್’ ಅಥವಾ ‘ಅಟ್’. ಕಸುಬು ಬಂದರೆ ‘ಇನ್’: ಆನ್ ಅಪ್ರೆಂಟಿಸ್‌ಶಿಪ್ ಇನ್ ಪ್ಲಂಬಿಂಗ್. ಕಸುಬಿನ ಹೆಸರನ್ನು ನೇರವಾಗಿ ಮುಂದೆ ಅಂಟಿಸಿದರೂ ಆಯಿತು: ಅಪ್ರೆಂಟಿಸ್ ಎಲೆಕ್ಟ್ರಿಷಿಯನ್. ನಾನು ಮಕ್ಕಳಿಗೆ ಹೇಳುವುದು ಈ ಕೊನೆಯದನ್ನೇ. ಅಲ್ಲಿ ತಪ್ಪು ಮಾಡಲು ಜಾಗವೇ ಇಲ್ಲ.

ಇದು ಕ್ರಿಯಾಪದವೂ ಆಗುತ್ತದೆ. ಆದರೆ ಹೆಚ್ಚಾಗಿ ಕರ್ಮಣಿಯಲ್ಲಿ: “ಹೀ ವಾಸ್ ಅಪ್ರೆಂಟಿಸ್ಡ್ ಟು ಎ ಟೈಲರ್”. ಅವನನ್ನು ದರ್ಜಿಯ ಹತ್ತಿರ ಕೆಲಸಕ್ಕೆ ಬಿಟ್ಟರು. ನಮ್ಮ ‘ಕೆಲಸಕ್ಕೆ ಬಿಟ್ಟರು’ ಅನ್ನುವ ಮಾತಿನಲ್ಲಿರುವ ಭಾವನೆಯೇ ಅಲ್ಲೂ ಇದೆ. ಹುಡುಗನನ್ನು ಯಾರೂ ಕೇಳಲಿಲ್ಲ. ಅಪ್ಪ ಕರೆದುಕೊಂಡು ಹೋಗಿ ಬಿಟ್ಟುಬಂದ.

ಪೂರ್ತಿ ಅವಧಿ ಮುಗಿಸಿದ್ದನ್ನು ಹೇಳಲು ಒಂದು ಒಳ್ಳೆಯ ಹಳೇ ನುಡಿಗಟ್ಟಿದೆ, ‘ಸರ್ವ್ ಆನ್ ಅಪ್ರೆಂಟಿಸ್‌ಶಿಪ್’. ಜೈಲು ಶಿಕ್ಷೆಗೂ ಇಂಗ್ಲಿಷಿನಲ್ಲಿ ‘ಸರ್ವ್’ ಅಂತಲೇ ಹೇಳುತ್ತಾರೆ. ಇಷ್ಟು ವರ್ಷ ಕಟ್ಟುಬಿದ್ದಿರಬೇಕು ಅನ್ನುವುದು ಎರಡರಲ್ಲೂ ಇದೆ.

ಈ ಪದ ಎಲ್ಲಿಂದ ಬಂತು?

ಹಳೆಯ ಫ್ರೆಂಚಿನಿಂದ. ಅಲ್ಲಿ ‘ಅಪ್ರಾಂದ್ರ್’ ಅಂದರೆ ಕಲಿಯುವುದು. ಅದರ ಬೇರು ಲ್ಯಾಟಿನ್ನಿನಲ್ಲಿದೆ, ಅರ್ಥ ‘ಕೈಚಾಚಿ ಹಿಡಿ’. ಪೊಲೀಸರು ಕಳ್ಳನನ್ನು ಹಿಡಿಯುವುದಕ್ಕೆ ಇಂಗ್ಲಿಷಿನಲ್ಲಿ ‘ಅಪ್ರಿಹೆಂಡ್’ ಅನ್ನುತ್ತಾರಲ್ಲ, ಅದೂ ಇದೇ ಬೇರಿನದು. ಪೊಲೀಸ್ ಕಳ್ಳನನ್ನು ಹಿಡಿಯುತ್ತಾನೆ, ಅಪ್ರೆಂಟಿಸ್ ಕೆಲಸವನ್ನು ಹಿಡಿಯುತ್ತಾನೆ. ನಮ್ಮಲ್ಲೂ “ಹುಡುಗ ಕೆಲಸ ಬೇಗ ಹಿಡ್ಕೊಂಡ” ಅನ್ನುತ್ತೇವೆ. ಇದಕ್ಕಿಂತ ಸರಿಯಾದ ಅನುವಾದ ನನಗೆ ಸಿಕ್ಕಿಲ್ಲ.

ಐಟಿಐನ ಮೊದಲ ತಿಂಗಳು ನಮ್ಮ ಕೈಗೆ ಒಂದು ಕಬ್ಬಿಣದ ತುಂಡು, ಒಂದು ಅರ ಕೊಟ್ಟಿದ್ದರು. ಉಜ್ಜಿ ಸಮತಟ್ಟು ಮಾಡಬೇಕು. ಉಜ್ಜಿದ್ದಾಯಿತು ಅಂತ ಹೋದರೆ ಇನ್‌ಸ್ಟ್ರಕ್ಟರ್ ಅದರ ಮೇಲೆ ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಕಿಟಕಿ ಕಡೆ ಎತ್ತಿ ಹಿಡಿಯುತ್ತಿದ್ದರು. ತುಂಡಿನ ನಡುವೆ ಸಣ್ಣಗೆ ಬೆಳಕು ತೂರಿ ಬರುತ್ತಿತ್ತು. “ಬೆಳಕು ಕಾಣ್ತಿದೆ, ಹೋಗು” ಅಷ್ಟೇ ಅವರ ಮಾತು. ಎಂಟೋ ಒಂಬತ್ತೋ ದಿನ ಹೀಗೇ ಆಯಿತು. ಒಂದು ದಿನ ಅರ ನನ್ನ ಕೈಯಲ್ಲಿ ತೂಗಾಡುವುದನ್ನು ನಿಲ್ಲಿಸಿತು. ಬೆಳಕೂ ನಿಂತಿತು. ಹಿಡಿಯುವುದು ಅಂದರೆ ಏನು ಅಂತ ಆಗ ಕೈಗೆ ಗೊತ್ತಾಯಿತು.

ಇಂಡೆಂಚರ್ ಅಂದರೇನು? ಅಪ್ರೆಂಟಿಸ್ ಜೊತೆ ಅದು ಯಾಕೆ ಬರುತ್ತದೆ?

ಇಂಡೆಂಚರ್ ಅಂದರೆ ಒಪ್ಪಂದದ ಪತ್ರ. ಹೆಸರಿನ ಒಳಗೆ ಹಲ್ಲು ಇದೆ, ನಿಜವಾಗಿ. ಲ್ಯಾಟಿನ್ನಿನ ‘ಡೆನ್ಸ್’ ಅಂದರೆ ಹಲ್ಲು. ನಮ್ಮ ‘ದಂತ’ಕ್ಕೆ ಅದು ದೂರದ ನೆಂಟ. ಒಂದೇ ಹಾಳೆಯ ಮೇಲೆ ಒಪ್ಪಂದವನ್ನು ಎರಡು ಸಲ ಬರೆದು, ನಡುವೆ ಹಲ್ಲುಹಲ್ಲಾಗಿ ಅಂಕುಡೊಂಕು ಕತ್ತರಿಸುತ್ತಿದ್ದರು. ಒಂದು ತುಂಡು ಯಜಮಾನನಿಗೆ, ಇನ್ನೊಂದು ಹುಡುಗನ ಕಡೆಯವರಿಗೆ. ಜಗಳ ಬಂದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಹಲ್ಲು ಕೂತರೆ ಪತ್ರ ಅಸಲಿ. ಛಾಪಾ ಕಾಗದವೂ ಇಲ್ಲದ, ಹೋಲೊಗ್ರಾಮೂ ಇಲ್ಲದ ಕಾಲದ ಬುದ್ಧಿವಂತಿಕೆ.

ಇಂಗ್ಲೆಂಡಿನಲ್ಲಿ 1563ರ ಒಂದು ಕಾನೂನು ಕನಿಷ್ಠ 7 ವರ್ಷ ಅಪ್ರೆಂಟಿಸ್ ಆಗಿರದೆ ಕಸುಬು ಮಾಡುವ ಹಾಗಿಲ್ಲ ಅಂದಿತು. 1814ರವರೆಗೂ ಆ ನಿಯಮ ಪುಸ್ತಕದಲ್ಲಿತ್ತು. ಆ 7 ವರ್ಷ ಹುಡುಗ ಯಜಮಾನನ ಮನೆಯಲ್ಲೇ ಇರಬೇಕು. ಜೂಜಾಡುವ ಹಾಗಿಲ್ಲ, ಹೆಂಡದಂಗಡಿಗೆ ಹೋಗುವ ಹಾಗಿಲ್ಲ, ಮದುವೆ ಆಗುವ ಹಾಗಿಲ್ಲ, ಯಜಮಾನನ ಕಸುಬಿನ ಗುಟ್ಟು ಹೊರಗೆ ಬಿಡುವ ಹಾಗಿಲ್ಲ. ಯಜಮಾನ ಊಟ, ಬಟ್ಟೆ, ವಸತಿ ಕೊಟ್ಟು ಕಸುಬು ಕಲಿಸಬೇಕು. ಕೆಲವು ಕಸುಬಿಗೆ ಹುಡುಗನ ಅಪ್ಪನೇ ದುಡ್ಡು ಕಟ್ಟಬೇಕಿತ್ತು.

ಇದರಲ್ಲಿ ಇಬ್ಬರ ಕಥೆ ನನಗೆ ಇಷ್ಟ. ಮುಂದೆ ಅಮೆರಿಕದ ದೊಡ್ಡ ನಾಯಕನಾದ ಬೆಂಜಮಿನ್ ಫ್ರಾಂಕ್ಲಿನ್ ಬಾಸ್ಟನ್ನಿನಲ್ಲಿ 12ನೇ ವಯಸ್ಸಿಗೆ ಸ್ವಂತ ಅಣ್ಣನ ಪ್ರೆಸ್ಸಿನಲ್ಲೇ ಅಪ್ರೆಂಟಿಸ್ ಆದ. ಅಣ್ಣ ಪತ್ರಿಕೆ ನಡೆಸಬಾರದು ಅಂತ ಸರ್ಕಾರದ ಆಜ್ಞೆ ಬಂತು. ಆಗ ಅಣ್ಣ ಪತ್ರಿಕೆಯನ್ನು ತಮ್ಮನ ಹೆಸರಿಗೆ ಮಾಡಿ, ಇವನ ಇಂಡೆಂಚರ್ ರದ್ದಾಗಿದೆ ಅಂತ ತೋರಿಸಿ, ಒಳಗಿಂದೊಳಗೆ ಇನ್ನೊಂದು ಗುಟ್ಟಿನ ಪತ್ರ ಮಾಡಿಸಿಕೊಂಡ. ಆ ಗುಟ್ಟಿನ ಪತ್ರವನ್ನು ಅಣ್ಣ ಯಾರಿಗೂ ತೋರಿಸಲಾರ ಅಂತ ತಮ್ಮನಿಗೆ ಗೊತ್ತಿತ್ತು. 1723ರಲ್ಲಿ ಓಡಿಹೋದ.

ಇನ್ನೊಬ್ಬ ವಿಜ್ಞಾನಿ ಮೈಕೆಲ್ ಫ್ಯಾರಡೆ. 1805ರಲ್ಲಿ, 14ರ ವಯಸ್ಸಿನಲ್ಲಿ, ಲಂಡನ್ನಿನ ಜಾರ್ಜ್ ರೀಬೊ ಅನ್ನುವ ಪುಸ್ತಕ ಬೈಂಡಿಂಗಿನವನ ಹತ್ತಿರ 7 ವರ್ಷಕ್ಕೆ ಸೇರಿದ. ಬೈಂಡಿಂಗಿಗೆ ಬಂದ ಪುಸ್ತಕಗಳನ್ನೇ ಓದಿ ವಿದ್ಯುತ್ತಿನ ಹುಚ್ಚು ಹಿಡಿಸಿಕೊಂಡ. ಆಮೇಲೆ ಆ ಕಾಲದ ಹೆಸರಾಂತ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ಬರೆದುಕೊಂಡ ಟಿಪ್ಪಣಿಗಳನ್ನು ಚೆಂದವಾಗಿ ಬೈಂಡ್ ಮಾಡಿ ಡೇವಿಗೇ ಕಳಿಸಿದ. 1813ರಲ್ಲಿ ಡೇವಿ ಇದ್ದ ವಿಜ್ಞಾನ ಸಂಸ್ಥೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಕಲಿತ ಕಸುಬು ಬೇರೆ, ಸೇರಿದ ಕೆಲಸ ಬೇರೆ. ಆದರೆ ಬಾಗಿಲು ತೆರೆಸಿದ್ದು ಬೈಂಡಿಂಗೇ.

ಪದಕ್ಕೆ ಕೆಟ್ಟ ಚರಿತ್ರೆಯೂ ಇದೆಯಂತೆ, ಹೌದಾ?

ಹೌದು. 1834ರ ಆಗಸ್ಟ್ 1ರಂದು ಬ್ರಿಟಿಷರು ವೆಸ್ಟ್ ಇಂಡೀಸಿನ ಗುಲಾಮರಿಗೆ ಬಿಡುಗಡೆ ಅಂದರು. ಆದರೆ ಹಳೇ ಯಜಮಾನರ ತೋಟದಲ್ಲೇ ಕೂಲಿಯಿಲ್ಲದೆ ದುಡಿಯಬೇಕಾದ ಸ್ಥಿತಿಯನ್ನು ಇನ್ನೂ ಕೆಲವು ವರ್ಷ ಉಳಿಸಿಕೊಂಡರು. ಅದಕ್ಕೆ ಇಟ್ಟ ಹೆಸರು ‘ಅಪ್ರೆಂಟಿಸ್‌ಶಿಪ್’. ಹುಟ್ಟಿದಾಗಿನಿಂದ ಕಬ್ಬು ಕಡಿದವನಿಗೆ ಕಬ್ಬು ಕಡಿಯುವುದನ್ನು ಕಲಿಸುತ್ತೇವೆ ಅಂದ ಹಾಗೆ! ಗಲಾಟೆ ಜಾಸ್ತಿಯಾಗಿ 1838ರಲ್ಲಿ ಅದನ್ನು ನಿಲ್ಲಿಸಿದರು.

ತೋಟಕ್ಕೆ ಆಳು ಬೇಕಲ್ಲ. ಅದೇ ಹೊತ್ತಿನಲ್ಲಿ ಇಂಡಿಯಾದಿಂದ ಜನರನ್ನು ಹಡಗಿಗೆ ಹತ್ತಿಸುವುದು ಶುರುವಾಯಿತು. 1834ರಿಂದ ಮಾರಿಷಸ್ಸಿಗೆ, 1838ರಲ್ಲಿ ಬ್ರಿಟಿಷ್ ಗಯಾನಾಕ್ಕೆ. ಅವರನ್ನು ಕಟ್ಟಿಹಾಕಿದ್ದೂ ಅದೇ ಇಂಡೆಂಚರ್. ಮುಂದೆ ಆ ‘ಅಗ್ರಿಮೆಂಟ್’ ಪದವೇ ಹಿಂದಿ ಬಾಯಲ್ಲಿ ‘ಗಿರ್ಮಿಟ್’ ಆಗಿ, ಜನ ‘ಗಿರ್ಮಿಟಿಯ’ ಆದರು. ನಮ್ಮ ಹುಬ್ಬಳ್ಳಿಯ ಗಿರ್ಮಿಟ್ ಬೇರೆ, ಗಾಬರಿ ಬೀಳಬೇಡಿ.

ಜರ್ನಿಮನ್ ಅಂದರೆ ಪ್ರಯಾಣ ಮಾಡುವವನಾ?

ಅಲ್ಲ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಫ್ರೆಂಚಿನಲ್ಲಿ ‘ಜೂರ್ನೆ’ ಅಂದರೆ ಒಂದು ದಿನ, ಒಂದು ದಿನದ ಕೆಲಸ. ಅಪ್ರೆಂಟಿಸ್ ಅವಧಿ ಮುಗಿಸಿ, ದಿನದ ಲೆಕ್ಕಕ್ಕೆ ಕೂಲಿ ಪಡೆಯುವಷ್ಟು ಪಳಗಿದವನು ಜರ್ನಿಮನ್. ನಮ್ಮ ‘ದಿನಗೂಲಿ’ ಪದಕ್ಕೆ ಇಷ್ಟು ಗೌರವ ಇಲ್ಲ, ಅದೊಂದೇ ವ್ಯತ್ಯಾಸ.

ಜರ್ನಿಮನ್ ಆದಮೇಲೆ ಮಾಸ್ಟರ್. ಮಾಸ್ಟರ್ ಆಗಬೇಕಾದರೆ ಕಸುಬಿನ ಸಂಘದ ಮುಂದೆ ತಾನೇ ಮಾಡಿದ ಒಂದು ವಸ್ತುವನ್ನು ಪರೀಕ್ಷೆಗೆ ಇಡಬೇಕಿತ್ತು. ಅದೇ ‘ಮಾಸ್ಟರ್‌ಪೀಸ್’. ಈಗ ಸಿನಿಮಾ ವಿಮರ್ಶೆಯಲ್ಲಿ ವಾರಕ್ಕೆ ಮೂರು ಮಾಸ್ಟರ್‌ಪೀಸ್ ಬರುತ್ತವೆ, ಆ ಮಾತು ಬೇರೆ.

ಇಲ್ಲಿ ಒಂದು ಮಜಾ ಇದೆ. ಗಾರೆ ಕೆಲಸದ ‘ಮೇಸ್ತ್ರಿ’ ಪೋರ್ಚುಗೀಸಿನ ‘ಮೆಸ್ತ್ರೆ’ಯಿಂದ ಬಂದವನು. ಶಾಲೆಯ ‘ಮೇಷ್ಟ್ರು’ ಇಂಗ್ಲಿಷಿನ ‘ಮಾಸ್ಟರ್’ನಿಂದ ಬಂದವರು. ಎರಡರ ಮೂಲವೂ ಲ್ಯಾಟಿನ್ನಿನ ‘ಮ್ಯಾಜಿಸ್ಟರ್’. ಅಂದರೆ ಮೇಸ್ತ್ರಿ, ಮೇಷ್ಟ್ರು ಇಬ್ಬರೂ ದಾಯಾದಿಗಳು, ಬೇರೆ ಬೇರೆ ಹಡಗಿನಲ್ಲಿ ಬಂದು ಇಳಿದವರು ಅಷ್ಟೆ.

ಕನ್ನಡದಲ್ಲಿ ಅಪ್ರೆಂಟಿಸ್‌ಗೆ ಸರಿಯಾದ ಪದ ಯಾವುದು?

ಸರ್ಕಾರಿ ಪ್ರಕಟಣೆಯಲ್ಲಿ ‘ಶಿಶಿಕ್ಷು’. ಸಾರಿಗೆ ಸಂಸ್ಥೆಯವರು “ಶಿಶಿಕ್ಷು ತರಬೇತಿಗೆ ಅರ್ಜಿ ಆಹ್ವಾನ” ಅಂತ ಪೇಪರಿನಲ್ಲಿ ಹಾಕುತ್ತಾರೆ. ಮೋಕ್ಷ ಬಯಸುವವನು ಮುಮುಕ್ಷು ಆದ ಹಾಗೆ, ಕಲಿಯಲು ಬಯಸುವವನು ಶಿಶಿಕ್ಷು. ಅರ್ಥ ಚೆನ್ನಾಗಿದೆ, ಬಾಯಿಗೆ ಬರುವುದಿಲ್ಲ. ಒಬ್ಬ ಹುಡುಗ ನನ್ನನ್ನು “ಸರ್, ಇದು ಶಿಶುವಿಹಾರದ ಕೆಲಸಾನಾ?” ಅಂತ ಕೇಳಿದ್ದ. ಅಂಥ ಪ್ರಕಟಣೆ ಕಂಡರೆ ಬಿಟ್ಟುಬಿಡಬೇಡಿ ಅಂತ ಈಗ ಮೊದಲ ದಿನವೇ ಹೇಳಿಬಿಡುತ್ತೇನೆ.

ಬಾಯಿಮಾತಿನ ಪದಗಳು ಬೇರೆ. ಗ್ಯಾರೇಜಿನಲ್ಲಿ ‘ಹೆಲ್ಪರ್’. ಗಾರೆ ಕೆಲಸದಲ್ಲಿ ‘ಕೈಯಾಳು’. ಉರ್ದು ಬಳಸುವ ಕಡೆ ಉಸ್ತಾದನಿಗೆ ‘ಶಾಗಿರ್ದ’. ಗ್ಯಾರೇಜಿಗೆ ಹೊಸದಾಗಿ ಬಂದ ಹುಡುಗನಿಗೆ ಮೊದಲು ಸಿಗುವುದು ಸೀಮೆಎಣ್ಣೆ ಡಬ್ಬಿ ಮತ್ತು ಬ್ರಷ್ಷು. ಕಳಚಿದ ಸಾಮಾನು ತೊಳೆಯಬೇಕು. ಆಮೇಲೆ ಗಾಡಿ ಕೆಳಗಿನಿಂದ ಒಂದು ಕೈ ಚಾಚುತ್ತದೆ: “ಹನ್ನೆರಡು-ಹದಿಮೂರು ಕೊಡು”. ನೋಡದೆಯೇ ಸರಿಯಾದ ಸ್ಪ್ಯಾನರ್ ಇಟ್ಟ ದಿನ ಹುಡುಗನಿಗೆ ಅರ್ಧ ಭಡ್ತಿ.

ಯಕ್ಷಗಾನದ ಮೇಳಗಳಲ್ಲಿ ಇದು ರಂಗದ ಮೇಲೇ ಕಾಣುತ್ತದೆ. ಹೊಸ ಹುಡುಗರಿಗೆ ಮೊದಲು ಕೋಡಂಗಿ ವೇಷ, ಆಮೇಲೆ ಬಾಲಗೋಪಾಲ. ಇನ್ನೂ ಜನ ಸೇರುವ ಹೊತ್ತಿನಲ್ಲಿ ಕುಣಿದು ಕಾಲು ಪಳಗಿಸಿಕೊಳ್ಳುತ್ತಾರೆ. ದೊಡ್ಡ ವೇಷ ಬರುವುದು ವರ್ಷಗಳ ಮೇಲೆ. ಇದು ಅಪ್ರೆಂಟಿಸ್‌ಶಿಪ್ ಅಲ್ಲದೆ ಇನ್ನೇನು? ಪತ್ರ ಒಂದಿಲ್ಲ ಅಷ್ಟೆ.

ನನ್ನನ್ನು ಕೇಳಿದರೆ, ಬರೆಯುವಾಗ ‘ಅಪ್ರೆಂಟಿಸ್’ ಅಂತಲೇ ಬರೆಯಿರಿ. ಆ ಪದ ಕನ್ನಡದ್ದೇ ಆಗಿದೆ.

ಇಂಡಿಯಾದಲ್ಲಿ ಇದಕ್ಕೆ ಕಾನೂನು ಇದೆಯಾ?

ಎರಡು ಬಂದಿವೆ. ಮೊದಲನೆಯದು ಕಂಪನಿ ಸರ್ಕಾರದ 1850ರ ಕಾಯ್ದೆ. ಮುಖ್ಯವಾಗಿ ಅನಾಥ ಮಕ್ಕಳು, ಬಡ ಮಕ್ಕಳಿಗೆ ಒಂದು ಕಸುಬು ಕಲಿಸಲಿ ಅಂತ ಮಾಡಿದ್ದು. 10 ದಾಟಿದ, 18 ಆಗದ ಮಕ್ಕಳನ್ನು ಗರಿಷ್ಠ 7 ವರ್ಷಕ್ಕೆ ಒಪ್ಪಿಸಬಹುದಿತ್ತು. ಹುಡುಗನಾದರೆ 21 ತುಂಬುವವರೆಗೆ, ಹುಡುಗಿಯಾದರೆ ಮದುವೆಯವರೆಗೆ. ಅದರಾಚೆಗೆ ಎಳೆಯುವ ಹಾಗಿಲ್ಲ. ಅವಳ ಕಲಿಕೆಯ ಗಡುವು ಅವಳ ವಯಸ್ಸಲ್ಲ, ತಾಳಿ.

ಈಗ ನಡೆಯುತ್ತಿರುವುದು 1961ರ ಅಪ್ರೆಂಟಿಸಸ್ ಆ್ಯಕ್ಟ್. ಅದರ ಪ್ರಕಾರ ಕನಿಷ್ಠ ವಯಸ್ಸು 14, ಅಪಾಯದ ಕೆಲಸಕ್ಕೆ 18. ಶುರುವಿನಲ್ಲಿ ಇದು ಐಟಿಐ ಥರದ ಟ್ರೇಡುಗಳಿಗೆ ಮಾತ್ರ. 1973ರಲ್ಲಿ ಎಂಜಿನಿಯರಿಂಗ್ ಪದವೀಧರರು, ಡಿಪ್ಲೊಮಾದವರು ಸೇರಿದರು. 2014ರ ತಿದ್ದುಪಡಿಯಿಂದ ಬೇರೆ ಪದವೀಧರರಿಗೂ ಬಾಗಿಲು ತೆರೆಯಿತು. 2019ರ ನಿಯಮದ ಪ್ರಕಾರ 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು, ಒಟ್ಟು ಬಲದ 2.5ರಿಂದ 15 ಶೇಕಡದಷ್ಟು.

‘ಆಕ್ಟ್ ಅಪ್ರೆಂಟಿಸ್’ ಅಂದರೆ ಆ್ಯಕ್ಟಿಂಗ್, ಅಂದರೆ ಪ್ರಭಾರವಾ?

ಅಲ್ಲ! ಇದು ಮೇಲೆ ಹೇಳಿದ 1961ರ ಆ್ಯಕ್ಟ್. ಆ ಕಾಯ್ದೆಯ ಕೆಳಗೆ ತೆಗೆದುಕೊಂಡವರು ಅಂತ. ರೈಲ್ವೆಯಲ್ಲಿ ಈ ಪದ ಜಾಸ್ತಿ. ನೈಋತ್ಯ ರೈಲ್ವೆಯವರು ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳಿಗೆ, ಹುಬ್ಬಳ್ಳಿ ಮತ್ತು ಮೈಸೂರಿನ ವರ್ಕ್‌ಶಾಪುಗಳಿಗೆ ಹೀಗೇ ಕರೆಯುತ್ತಾರೆ. ಪರೀಕ್ಷೆ ಇಲ್ಲ. ಹತ್ತನೇ ಕ್ಲಾಸಿನ ಅಂಕ, ಐಟಿಐ ಅಂಕ ನೋಡಿ ಪಟ್ಟಿ ಮಾಡುತ್ತಾರೆ.

ಟ್ರೇನಿ, ಇಂಟರ್ನ್, ಪ್ರೊಬೇಷನರ್, ಅಪ್ರೆಂಟಿಸ್ ಎಲ್ಲ ಒಂದೇನಾ?

ಒಂದೇ ಅಲ್ಲ, ಆದರೆ ಕಂಪನಿಗಳು ಬೇಕೆಂದೇ ಕಲಸಿಬಿಡುತ್ತವೆ. ಪ್ರೊಬೇಷನರ್ ನೌಕರ, ಅವನನ್ನು ಪರೀಕ್ಷಿಸುತ್ತಿದ್ದಾರೆ. ಇಂಟರ್ನ್ ಸಾಮಾನ್ಯವಾಗಿ ಇನ್ನೂ ಓದುತ್ತಿರುವವನು, ಕೆಲವು ವಾರ ಅಥವಾ ತಿಂಗಳಿಗೆ ಬಂದವನು. ವೈದ್ಯರಲ್ಲಿ ಇಂಟರ್ನಿಗೆ ನಮ್ಮ ಕಡೆ ‘ಹೌಸ್ ಸರ್ಜನ್’ ಅನ್ನುವ ಹಳೇ ಹೆಸರೇ ಓಡುತ್ತದೆ. ಟ್ರೇನಿ ಎಲ್ಲರಿಗೂ ಹೊಂದುವ ಜೋಳಿಗೆ ಪದ. ಅದಕ್ಕೇ ಅದರ ಮೇಲೆ ಕಣ್ಣಿರಲಿ. ಆಫರ್ ಲೆಟರಿನಲ್ಲಿ ‘ಟ್ರೇನಿ’ ಅಂತಿದ್ದರೆ, ಇದು ಕಾಯ್ದೆಯ ಕೆಳಗಿನ ಅಪ್ರೆಂಟಿಸ್‌ಶಿಪ್ಪಾ ಅಂತ ಬಾಯಿಬಿಟ್ಟು ಕೇಳಿ. ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್ಲಿನಲ್ಲಿ ನೋಂದಣಿ ಆಗಿದೆಯಾ ನೋಡಿ. ಆಗದಿದ್ದರೆ ಕೊನೆಗೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುವುದಿಲ್ಲ.

ಸಿಎ ಓದುವವರ ‘ಆರ್ಟಿಕಲ್‌ಶಿಪ್’ ಇದರ ಸೋದರ. ಆರ್ಟಿಕಲ್ಸ್ ಅಂದರೆ ಒಪ್ಪಂದದ ಕಲಮುಗಳು. ಲೇಖನ ಬರೆಯುವುದಲ್ಲ. ಮೊದಲು 3 ವರ್ಷ ಇತ್ತು, 2023ರ ಹೊಸ ಪದ್ಧತಿಯಲ್ಲಿ 2 ವರ್ಷ.

ಸ್ಟೈಪೆಂಡ್ ಸಂಬಳವಾ?

ಕಾನೂನಿನ ಪ್ರಕಾರ ಅಲ್ಲ. 1961ರ ಕಾಯ್ದೆ ಅಪ್ರೆಂಟಿಸ್ ಟ್ರೇನಿ, ಕೆಲಸಗಾರ ಅಲ್ಲ ಅಂತ ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಪಿಎಫ್ ಇಲ್ಲ. ಆದರೆ ಕಾರ್ಖಾನೆಯ ಸುರಕ್ಷತೆಯ ನಿಯಮಗಳು ನಿಮಗೂ ಅನ್ವಯಿಸುತ್ತವೆ. ತರಬೇತಿಯಲ್ಲಿ ಗಾಯವಾದರೆ ಪರಿಹಾರದ ಹಕ್ಕೂ ಇದೆ. ಇದನ್ನು ತುಂಬಾ ಜನ ಹೇಳುವುದಿಲ್ಲ.

2019ರ ನಿಯಮದಲ್ಲಿ ತಿಂಗಳಿಗೆ ಕನಿಷ್ಠ 5,000ದಿಂದ ಶುರುವಾಗಿ ಐಟಿಐನವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ರೂಪಾಯಿ ಅಂತಿತ್ತು. ಸೇರುವ ದಿನದ ದರವನ್ನು ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿ ಇಷ್ಟರಲ್ಲಿ ಬದುಕುವುದು ಕಷ್ಟ, ಅದನ್ನು ಸಿಹಿ ಮಾಡಿ ಹೇಳುವುದರಲ್ಲಿ ಅರ್ಥವಿಲ್ಲ. ಹತ್ತಿರದ ಊರಲ್ಲೇ ಸಿಕ್ಕರೆ ಅಲ್ಲೇ ಸೇರಿ.

ಅಂದಹಾಗೆ, ಲ್ಯಾಟಿನ್ನಿನಲ್ಲಿ ‘ಸ್ಟೈಪೆಂಡಿಯಮ್’ ಅಂದರೆ ಸೈನಿಕರ ಸಂಬಳ. ಸಂಬಳ ಅಲ್ಲ ಅಂತ ಹೇಳಲು ಸಂಬಳದ ಪದವನ್ನೇ ಹುಡುಕಿ ತಂದಿದ್ದಾರೆ.

ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕಲ್ಲ?

ಕೊಡಲೇಬೇಕು ಅಂತ ಕಾಯ್ದೆ ಹೇಳುವುದಿಲ್ಲ. ಮನೆಯವರಿಗೆ ಇದನ್ನು ಮೊದಲೇ ತಿಳಿಸಿಬಿಡಿ. ಇಲ್ಲದಿದ್ದರೆ ವರ್ಷದ ಕೊನೆಗೆ “ಯಾಕೆ ತೆಗೆದರು?” ಅಂತ ನಿಮ್ಮನ್ನೇ ಅನುಮಾನದಿಂದ ನೋಡುತ್ತಾರೆ. ತೆಗೆದದ್ದಲ್ಲ, ಅವಧಿ ಮುಗಿದದ್ದು.

ಉತ್ತರಪ್ರದೇಶದ ಸಾರಿಗೆ ನಿಗಮದ ಅಪ್ರೆಂಟಿಸರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. 1995ರಲ್ಲಿ ಕೋರ್ಟು ಹೇಳಿದ್ದು ಇಷ್ಟು: ಉಳಿದದ್ದೆಲ್ಲ ಸಮ ಇದ್ದರೆ ಹೊರಗಿನವರಿಗಿಂತ ತರಬೇತಿ ಪಡೆದ ಅಪ್ರೆಂಟಿಸ್‌ಗೆ ಆದ್ಯತೆ ಕೊಡಿ. ಆದ್ಯತೆ ಬೇರೆ, ಖಾತ್ರಿ ಬೇರೆ. ರೈಲ್ವೆ ತನ್ನ ಲೆವೆಲ್ 1, ಅಂದರೆ ಮೊದಲ ಮೆಟ್ಟಿಲಿನ ಹುದ್ದೆಗಳಲ್ಲಿ 20 ಶೇಕಡವನ್ನು ತರಬೇತಿ ಮುಗಿಸಿದ ಆಕ್ಟ್ ಅಪ್ರೆಂಟಿಸರಿಗೆ ಇಟ್ಟಿದೆ. ಅಲ್ಲೂ ಪರೀಕ್ಷೆ ಬರೆಯಬೇಕು.

ರೆಸ್ಯೂಮೆಯಲ್ಲಿ ಹೇಗೆ ಬರೆಯಬೇಕು?

ನಾನು ಬರೆದ ಹಾಗೆ ಬರೆಯಬೇಡಿ. ಅಪ್ರೆಂಟಿಸ್ ಮುಗಿಸಿ ಪೀಣ್ಯದ ಒಂದು ಫ್ಯಾಕ್ಟರಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ರೆಸ್ಯೂಮೆಯಲ್ಲಿ ‘ಎಕ್ಸ್‌ಪೀರಿಯೆನ್ಸ್’ ಕೆಳಗೆ, ಒಂದು ವರ್ಷ ಫಿಟ್ಟರ್ ಆಗಿ ಕೆಲಸ, ಅಂತ ಬರೆದಿದ್ದೆ. ಅಪ್ರೆಂಟಿಸ್ ಅಂತ ಬರೆದರೆ ಬೆಲೆ ಕಮ್ಮಿ ಅಂತ ಯಾರೋ ತಲೆಗೆ ತುಂಬಿದ್ದರು. ಎದುರಿಗೆ ಕೂತವರು ಪಿಎಫ್ ನಂಬರ್ ಕೇಳಿದರು. ಇಲ್ಲ ಅಂದೆ. ಒಂದು ವರ್ಷ ಕೆಲಸ ಮಾಡಿದವನಿಗೆ ಪಿಎಫ್ ಇಲ್ಲವಾ ಅಂದರು. ಆಗ ಅಪ್ರೆಂಟಿಸ್ ಅಂತ ಬಾಯಿಬಿಟ್ಟೆ. ಅವರು ಪೆನ್ನಿನಿಂದ ಆ ಸಾಲಿನ ಕೆಳಗೆ ಗೆರೆ ಎಳೆದು, ಹಾಳೆಯನ್ನು ನನ್ನ ಕಡೆ ತಿರುಗಿಸಿದರು. “ಇದನ್ನೇ ಬರೆದಿದ್ದರೆ ನಿನ್ನನ್ನ ತಗೋತಿದ್ದೆ. ಟ್ರೈನಿಂಗ್ ಆದವರೇ ನಮಗೆ ಬೇಕಿತ್ತು” ಅಂದರು. ಎದ್ದು ಬಂದೆ.

ಬರೆಯುವುದು ಹೀಗೆ: ಮೊದಲು ‘ಅಪ್ರೆಂಟಿಸ್ ಫಿಟ್ಟರ್’ ಅಥವಾ ‘ಟ್ರೇಡ್ ಅಪ್ರೆಂಟಿಸ್, ಫಿಟ್ಟರ್’. ಆಮೇಲೆ ಸಂಸ್ಥೆಯ ಹೆಸರು, ಯಾವ ತಿಂಗಳಿನಿಂದ ಯಾವ ತಿಂಗಳು, ಯಾವ ವಿಭಾಗ, ಯಾವ ಯಂತ್ರ. “ಲೇತ್, ಡ್ರಿಲ್ಲಿಂಗ್, 0.02 ಮಿಲಿಮೀಟರ್ ವರ್ನಿಯರಿನಲ್ಲಿ ಅಳತೆ” ಅಂತ ಒಂದು ಸಾಲು ಇದ್ದರೆ ‘ಹಾರ್ಡ್ ವರ್ಕಿಂಗ್’ ಅನ್ನುವ ಹತ್ತು ಸಾಲಿಗಿಂತ ಮೇಲು. ಪ್ರಮಾಣಪತ್ರ ಇದ್ದರೆ ಅದನ್ನೂ ಹಾಕಿ.

ಜರ್ಮನಿಗೆ ಹೋಗುವವರು ಹೇಳುವ ‘ಔಸ್‌ಬಿಲ್ಡುಂಗ್’ ಇದೇನಾ?

ಹೆಚ್ಚುಕಮ್ಮಿ ಇದೇ. ನರ್ಸಿಂಗಿಗೆ ಅಂತ ನಮ್ಮ ಕಡೆಯ ಹುಡುಗಿಯರೂ ಈಗ ಹೋಗುತ್ತಿದ್ದಾರೆ. ವಾರದ ಕೆಲವು ದಿನ ಶಾಲೆ, ಉಳಿದ ದಿನ ಕೆಲಸದ ಜಾಗ, ಅಥವಾ ಕೆಲವು ವಾರ ಅದು, ಕೆಲವು ವಾರ ಇದು. ಸಾಮಾನ್ಯವಾಗಿ 2ರಿಂದ 3.5 ವರ್ಷ. ಕಲಿಯುವವರನ್ನು ಮೊದಲು ‘ಲೇರ್ಲಿಂಗ್’ ಅನ್ನುತ್ತಿದ್ದರು. 1969ರ ಕಾನೂನು ‘ಔಸ್‌ತ್ಸುಬಿಲ್ಡೆಂಡೆ’ ಅಂತ ಮಾಡಿತು. ಅದು ಜರ್ಮನರಿಗೇ ಉದ್ದವಾಗಿ ‘ಅತ್ಸುಬಿ’ ಆಯಿತು. ಇಂಗ್ಲಿಷಿನಲ್ಲಿ ಅರ್ಜಿ ತುಂಬುವಾಗ ಅತ್ಸುಬಿಗೆ ‘ಅಪ್ರೆಂಟಿಸ್’ ಅಂತಲೇ ಬರೆಯಬಹುದು. ಆದರೆ ಅಲ್ಲಿ ಇಂಗ್ಲಿಷ್ ಸಾಲದು, ಜರ್ಮನ್ ಬೇಕೇ ಬೇಕು.

ರೇಸ್ ಪುಸ್ತಕದಲ್ಲಿ ‘ಅಪ್ರೆಂಟಿಸ್’ ಅಂತ ಇರುತ್ತದಲ್ಲ, ಅದೇನು?

ಈ ಪ್ರಶ್ನೆಯನ್ನು ಹುಡುಗರಲ್ಲ, ಒಬ್ಬ ಹುಡುಗನ ಅಪ್ಪ ಕೇಳಿದ್ದು! ಅದು ಕಲಿಯುತ್ತಿರುವ ಜಾಕಿ. ಅವನಿಗೆ ಅನುಭವ ಕಮ್ಮಿ ಅಂತ, ಅವನ ಕುದುರೆ ಹೊರಬೇಕಾದ ಭಾರದಲ್ಲಿ ಒಂದಿಷ್ಟು ರಿಯಾಯಿತಿ ಕೊಡುತ್ತಾರೆ. ಗೆಲುವು ಹೆಚ್ಚಿದ ಹಾಗೆ ರಿಯಾಯಿತಿ ಇಳಿಯುತ್ತದೆ. ಯಾವ ಕುದುರೆಗೆ ಕಟ್ಟಬೇಕು ಅಂತ ಮಾತ್ರ ನನ್ನನ್ನು ಕೇಳಬೇಡಿ.